ಕಲ್ಲಿನ ಬಣ್ಣದ ಥರ್ಮಾಕೋಲ್

"ಥರ್ಮಾಕೋಲ್ ಕೆತ್ತಿ ಹೊಟ್ಟಿ ತುಂಬತೈತೇನು? ನಿನ್ನ ಕೈಲಿ ಆಗಂಗಿಲ್ಲ ಬಿಡು" ಎಂದವರು ಕಲ್ಲು ಕೆತ್ತುವ ನಮ್ಮ ಭಾವ. ನಾನು ಹಟಕ್ಕೆ ಬಿದ್ದು ಕಲಿತೆ. ಅಕ್ಷರ ಕತ್ತರಿಸಿ, ಉಜ್ಜಿ, ಅಂಟು ಕಲಸಿದ ಸಿಮೆಂಟು ಬಳಿದು, ಹಂಪಿಯ ಬಂಡೆಯ ಬಣ್ಣ ಹಚ್ಚಿದರೆ ಮುಟ್ಟಿದವರೂ ಕಲ್ಲೆಂದೇ ನಂಬಬೇಕು.

ಬುಕ್ಕಸಾಗರದಲ್ಲಿ ರೈಸ್ ಮಿಲ್ಲಿನ ಸಾಹುಕಾರರೊಬ್ಬರು ಹೊಸ ಮನೆಯ ಹೆಸರನ್ನು ನನ್ನಿಂದ ಕೆತ್ತಿಸಿ ಗೇಟಿನ ಕಂಬಕ್ಕೆ ಹಾಕಿಸಿದರು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಅವರ ತಾಯಿ ಆ ಹೆಸರಿಗೆ ಕುಂಕುಮ ಹಚ್ಚಿ, ಅದರ ಮೇಲೇ ತೆಂಗಿನಕಾಯಿ ಬಡಿದರು. ಕಾಯಿ ಒಡೆಯಲಿಲ್ಲ. ಅಕ್ಷರದೊಳಗೆ ಹೂತು ನಿಂತಿತು. ಬಿಳಿ ಕಾಳುಗಳು ಉದುರಿದವು.

"ಏನಪಾ, ಹಂಪಿ ಕಲ್ಲು ಅಂದಿದ್ದೆಲ್ಲೋ?" ಎಂದು ತಾಯಿ ಮಗನನ್ನು ಕೇಳಿದರು.

ಬೀಗರೆಲ್ಲ ನಕ್ಕರು. ಸಾಹುಕಾರರು ನನ್ನತ್ತ ಕೈ ಮಾಡಿ, "ಈಕಿ ಮೋಸ ಮಾಡ್ಯಾಳ ನೋಡ್ರಿ" ಎಂದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ನನ್ನ ಹೆಸರು ಕೆಡುತ್ತಿತ್ತು.

"ಹಂಗನ್ನಬ್ಯಾಡ್ರಿ ಸಾವ್ಕಾರ್ರ. ಥರ್ಮಾಕೋಲ್ ಅಂತ ಹೇಳೇ ಕೊಟ್ಟೀನಿ. ಊರಿಗೆಲ್ಲ ಕಲ್ಲು ಅಂತ ಹೇಳಿದವ್ರು ನೀವು."

ತಾಯಿ ಕಾಯಿಯನ್ನು ಕಿತ್ತು ಮಗನ ಕೈಗಿಟ್ಟರು. "ತಗೋ, ಮೆಟ್ಲ ಮ್ಯಾಲ ಒಡಿ. ಅವಾದ್ರೂ ಕಲ್ಲಿನವು ಹೌದಿಲ್ಲೋ?"

ಸಾಹುಕಾರರು ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅಲ್ಲಿ ನಕ್ಕ ಬೀಗರೇ ಒಬ್ಬೊಬ್ಬರಾಗಿ ಫೋನ್ ಮಾಡಿದರು: "ನಮ್ಮನಿಗೂ ಒಂದು ಮಾಡ್ರಿ. ಥರ್ಮಾಕೋಲ್ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ."

ಈಗ ಹೊಸಪೇಟೆಯಲ್ಲಿ ನನ್ನದೇ ಶೆಡ್ ಇದೆ, ಬಿಸಿ ತಂತಿಯಿಂದ ಕತ್ತರಿಸುವ ಯಂತ್ರವಿದೆ. ಕಂಪ್ಲಿಯವರೆಗೂ ನನ್ನ ಕೆಲಸ ಗೋಡೆಗಳ ಮೇಲಿದೆ. ಇದಕ್ಕೆ ನಾನು ತೆತ್ತ ಬೆಲೆಯೆಂದರೆ, ಆ ಯಾವ ಮನೆಯ ಮುಂದೆ ನಿಂತೂ ಇದು ನಾನು ಮಾಡಿದ್ದು ಎನ್ನುವಂತಿಲ್ಲ.