ತಿಪ್ಪೆಗೆ ಬಿದ್ದ ಎರಡು ಮೆಸೇಜು

ಹೊಂಗನೂರು ರಸ್ತೆಯ ಒಂದು ಚಾಕಿ ಕೇಂದ್ರದಲ್ಲಿ ನಾನು ಹುಳು ಸಾಕುತ್ತೇನೆ. ಮೊಟ್ಟೆ ಒಡೆದು ಇರುವೆಯಷ್ಟಿರುವ ರೇಷ್ಮೆ ಹುಳುವಿಗೆ ಎಳೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವ ತನಕ ನೋಡಿಕೊಂಡು, ಆಮೇಲೆ ರೈತರ ಮನೆಗೆ ಕಳಿಸುವುದು ನಮ್ಮ ಕೆಲಸ. ಇದರಲ್ಲೇ ತಲೆ ನರೆತಿದೆ. ಹುಳುವಿನ ವಾಸನೆಗೆ ಬಂದವರೆಲ್ಲ ಮೂಗು ಮುಚ್ಚುತ್ತಾರೆ. ನನಗೆ ಹುಳುವಿನಿಂದ ಯಾವತ್ತೂ ಹೇಸಿಗೆಯಾಗಿಲ್ಲ. ಹೇಸಿಗೆ ಶುರುವಾದದ್ದು ಯಜಮಾನ ಆರ್ಡರಿಗೆಂದು ಒಂದು ಫೋನು ತಂದು ನನ್ನ ಕೈಗೆ ಕೊಟ್ಟ ಮೇಲೆ.

ಆ ಫೋನಿಗೆ ಬರುತ್ತಿದ್ದದ್ದು ಏನೇನು ಅಂತೀರಿ. ಬೈರಮಂಗಲದ ಕಡೆಯವನೊಬ್ಬ ದಿನಾ ಬೆಳಿಗ್ಗೆ ಗುಲಾಬಿ ಹೂವು ಕಳಿಸುತ್ತಿದ್ದ. ಸೋಮವಾರ ಬಂದರೆ ಶಿವನ ಪಟಗಳು ಹತ್ತು ಹದಿನೈದು. ಕೆಲವರು ಬರೆಯುವುದಕ್ಕೆ ಸೋಮಾರಿಗಳು, ಮಾತಾಡಿ ಕಳಿಸುತ್ತಿದ್ದರು. ಮೊದಲು ಕ್ಯಾಕರಿಸುವುದು, ಉಗಿಯುವುದು, ಆಮೇಲೆ ನೂರು ಮೊಟ್ಟೆ ಬೇಕು ಅನ್ನುವುದು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ, ನಾನೂರು ಐನೂರು ಹುಳು. ಇನ್ನು ಕೆಲವರು ಹೋಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಒಂದೇ ಮಾತನ್ನು ಮೂರು ನಾಲ್ಕು ಸಲ ಒತ್ತುತ್ತಿದ್ದರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದೊಂದೂ ಅಕ್ಷರ ಕೂಡಿಸಿ ಓದಿ ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಹುಳುವಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು.

ಯಜಮಾನ ಅದಕ್ಕೆಂದೇ ಒಬ್ಬಳನ್ನು ಕರೆಸಿದ. ಮಾಗಡಿ ಕಡೆಯ ಹುಡುಗಿ, ಮದುವೆಯಾಗಿ ರಾಮನಗರದಲ್ಲಿ ಇದ್ದಳು. ಒಂದು ಕಡೆ ಬಂದ ಸುದ್ದಿ ಯಾರೂ ಮುಟ್ಟದೆ ತಾನಾಗಿಯೇ ಇನ್ನೊಂದು ಕಡೆಗೆ ಹೋಗುವ ಹಾಗೆ ಕಂಪ್ಯೂಟರಿನಲ್ಲಿ ದಾರಿ ಕಟ್ಟುವುದು ಅವಳ ಕಸುಬು. ಸೊಪ್ಪು ಹೆಚ್ಚುವ ಮಣೆಯ ಪಕ್ಕ ಬುಟ್ಟಿ ಬೋರಲು ಹಾಕಿಕೊಂಡು ಕೂತು, ನಾನು ಮಾಡುವುದನ್ನೆಲ್ಲ ಒಂದೊಂದಾಗಿ ಕೇಳಿದಳು.

'ಅಜ್ಜಿ, ಮೆಸೇಜು ಬಂದ್ಮೇಲೆ ಮೊದ್ಲು ಏನ್ಮಾಡ್ತೀರಾ?'

'ಬಯ್ತೀನಿ,' ಅಂದೆ.

ಅವಳು ನಗಲಿಲ್ಲ. ಆಮೇಲೆ ಅಂತ ಕೇಳಿದಳು. ಆ ಹುಡುಗಿಯ ಮೇಲೆ ನನಗೆ ಒಸಿ ಮರ್ಯಾದೆ ಹುಟ್ಟಿದ್ದು ಆಗಲೇ. ನಾನು ಹೇಳಿದೆ: ಯಾರು, ಎಷ್ಟು ಮೊಟ್ಟೆ ಅಂತ ನೋಡುತ್ತೇನೆ. ಪುಸ್ತಕದಲ್ಲಿ ಬರೆಯುತ್ತೇನೆ. ಮೊಟ್ಟೆ ಕೊಡುವವರಿಗೆ ಹೇಳುತ್ತೇನೆ. ಹುಳು ಎರಡನೇ ಪೊರೆ ಬಿಟ್ಟು ಎದ್ದ ಮೇಲೆ ಟೆಂಪೋದವನಿಗೆ ಚೀಟಿ ಕೊಡುತ್ತೇನೆ. ನಾನು ಹೇಳಿದ ಪ್ರತಿಯೊಂದಕ್ಕೂ ಅವಳು ಪರದೆಯ ಮೇಲೆ ಒಂದು ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆದಳು. ಕೆರೆ ಹೂಳು ಎತ್ತುವಾಗ ಹೆಂಗಸರು ಸಾಲಾಗಿ ನಿಂತು ಮಂಕರಿ ದಾಟಿಸುತ್ತಾರಲ್ಲ, ಹಾಗೆ. ಮೆಸೇಜು ಬಂದು ಮೊದಲ ಡಬ್ಬಿಗೆ ಬಿದ್ದರೆ ಸಾಕು, ಕೊನೆಯಲ್ಲಿ ಚೀಟಿ ಅಚ್ಚಾಗಿ ಹೊರಗೆ ಬರುತ್ತದೆ. ಯಾವ ಡಬ್ಬಿಗೂ ಸೇರದ ಮೆಸೇಜು ಬೇರೆ ಒಂದು ಕಡೆ ಹೋಗಿ ಬೀಳುತ್ತದೆ. ಅದಕ್ಕೆ ಅವಳು ಇಂಗ್ಲಿಷಿನಲ್ಲಿ ಏನೋ ಹೆಸರು ಹೇಳಿದಳು. ನಾನು ತಿಪ್ಪೆ ಅಂದೆ. ಆಮೇಲೆ ಅವಳೂ ತಿಪ್ಪೆ ಅಂತಲೇ ಕರೆದಳು. ದಿನಾ ಬೆಳಿಗ್ಗೆ ತಿಪ್ಪೆಯನ್ನು ಒಂದು ಸಲ ಕೆದಕಿ ನೋಡಿ ಅಂತ ಯಜಮಾನನಿಗೆ ಎರಡೆರಡು ಬಾರಿ ಹೇಳಿದಳು.

ನಾಲ್ಕು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ನನಗೆ ಸಾಕಾಗಿತ್ತು. ಬೆಳಿಗ್ಗೆಯೇ ಕನಕಪುರ ಕಡೆಯ ಯಾವನೋ ಒಂದೇ ಮಾತನ್ನು ಐದು ಸಲ ಕಳಿಸಿದ್ದ. ಅದನ್ನು ಅವಳ ಮುಖಕ್ಕೆ ಹಿಡಿದೆ. ಅವಳು ಯೋಚಿಸಿ ಕೇಳಿದಳು: 'ಒಂದೇ ನಂಬರಿಂದ ಅದೇ ಮಾತು ತಿರುಗ ಬಂದ್ರೆ ಬುಟ್ಬುಡ್ಲಾ ಅಜ್ಜಿ? ಅದ್ರಿಂದ ಯಾರ್ಗಾದ್ರೂ ತೊಂದ್ರೆ ಆಗ್ತದಾ?'

'ಬುಟ್ಬುಡು,' ಅಂದೆ. 'ಮುಟ್ಠಾಳ್ರು. ಹಾಳಾಗೋಗ್ಲಿ.'

ಇಷ್ಟೇ ನಾನು ಅಂದದ್ದು. ಹೊಂಗನೂರಿನಿಂದ ಆಚೆ ಒಂದು ಹಳ್ಳಿಯಲ್ಲಿ ಮೂವರು ವಾರಗಿತ್ತಿಯರಿದ್ದಾರೆ. ದೀಪಾವಳಿಗೆ ಮನೆ ಪಾಲಾಗಿ ಮೂರು ಒಲೆ, ಮೂರು ತೋಟ, ಮೂರು ಹುಳುಮನೆ ಆಗಿತ್ತು. ಫೋನು ಮಾತ್ರ ಒಂದೇ, ದೊಡ್ಡವಳ ಸೆರಗಿನ ಗಂಟಿನಲ್ಲಿ. ಗಂಡಸರ ಫೋನು ಗಂಡಸರ ಜೊತೆ ಬಿಡದಿಯ ಫ್ಯಾಕ್ಟರಿಗೆ ಹೋಗುತ್ತಿತ್ತು. ದೊಡ್ಡವಳು ಹೆಸರು ಹಾಕದೆ ನೂರು ಮೊಟ್ಟೆ ಅನ್ನುವ ಒಂದೇ ಮಾತನ್ನು ಮೂರು ಸಲ ಕಳಿಸುತ್ತಿದ್ದಳು, ಒಬ್ಬೊಬ್ಬರಿಗೆ ಒಂದೊಂದು. ನಾನು ಮೂರೂ ಬರೆದುಕೊಳ್ಳುತ್ತಿದ್ದೆ. ಇದು ನನಗೆ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ ಹೇಳಬೇಕು ಅಂತಲೇ ಅನ್ನಿಸಲಿಲ್ಲ.

ಅವಳು ಕಟ್ಟಿದ್ದು ಕೆಲಸ ಮಾಡಿತು. ಸುಳ್ಳು ಹೇಳಬಾರದು. ಚೀಟಿಗಳು ತಾವಾಗಿಯೇ ಬಂದವು. ರೈತರಿಗೆ 'ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ' ಅಂತ ಉತ್ತರವೂ ತಾನಾಗಿಯೇ ಹೋಯಿತು. ಯಜಮಾನ ಒಂದು ವಾರ ತಿಪ್ಪೆ ನೋಡಿದ. ಅಲ್ಲಿ ಗುಲಾಬಿ ಹೂವು, ಶಿವನ ಪಟ, ಒತ್ತಿದ್ದನ್ನೇ ಒತ್ತಿದ ಮೆಸೇಜು ಬಿಟ್ಟು ಬೇರೇನೂ ಕಾಣದೆ ನೋಡುವುದನ್ನು ನಿಲ್ಲಿಸಿದ. ಮುಂದಿನ ಸಲಕ್ಕೆ ಮೊಟ್ಟೆ ಬಂತು, ಹುಳು ಎದ್ದವು. ಆ ಹಳ್ಳಿಗೆ ಚೀಟಿ ಒಂದೇ ಬಂದದ್ದನ್ನು ನಾನು ನೋಡಿದೆ. ಮೂರು ಇರಬೇಕಾಗಿತ್ತು. ಉಳಿದ ಇಬ್ಬರಿಗೆ ಸೊಪ್ಪು ಬಂದಿಲ್ಲವೇನೋ ಅಂದುಕೊಂಡೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಈಗ ಅದು ಮಿಷನ್ನಿನ ಕೆಲಸ, ನನಗೇನು ಅನ್ನುವ ಒಂದು ಕೊಬ್ಬು.

ಟೆಂಪೋ ಹುಳು ಹಂಚಿ ಬಂದ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕವಾರಗಿತ್ತಿ ಬಂದು ಇಳಿದಳು. ಹುಳು ಕಟ್ಟಿಕೊಂಡು ಹೋಗುವುದಕ್ಕೆ ಬಟ್ಟೆ ಹೊದಿಸಿದ ಬುಟ್ಟಿಯನ್ನೂ ತಂದಿದ್ದಳು. ಹಿಂದಿನ ಎರಡು ಬೆಳೆಯಲ್ಲಿ ಅವಳ ಹುಳು ಸತ್ತಿದ್ದವು. ಈ ಸಲವೂ ಗೂಡು ಕಟ್ಟಿಸದಿದ್ದರೆ ತೋಟ ವಾಪಸು ದೊಡ್ಡಮನೆಗೆ, ಅವಳು ವಾಪಸು ದೊಡ್ಡವಳ ಅಡಿಗೆಮನೆಗೆ ಅಂತ ಮನೆಯಲ್ಲಿ ಕೂತು ಮಾತಾಡಿ ಆಗಿತ್ತು. ಹುಳುಮನೆಗೆ ಎರಡು ಸಲ ಸುಣ್ಣ ಬಳಿದಿದ್ದಳಂತೆ. ಸೊಪ್ಪು ಹದಕ್ಕೆ ಬಂದು ನಿಂತಿತ್ತು. ಇನ್ನೊಂದು ವಾರ ಬಿಟ್ಟರೆ ಬಲಿತು ದನ ತಿನ್ನುವುದಕ್ಕೆ ಲಾಯಕ್ಕು.

ಯಜಮಾನ ಕಂಪ್ಯೂಟರು ನೋಡಿ ಇಲ್ಲ ಅಂದ. ಆ ನಂಬರಿನಿಂದ ಬಂದ ಆರ್ಡರು ಒಂದೇ, ಅದು ಹೋಗಿದೆ. ನಮ್ಮಕ್ಕ ನನ್ನ ಮುಂದೆಯೇ ಕಳಿಸಿದಳು ಅಂತ ಅವಳು ಹೇಳಿದಳು.

'ಮಿಷನ್ನು ಸುಳ್ಳೇಳಲ್ಲ ಕಣವ್ವ,' ಅಂದ ಯಜಮಾನ. 'ಸುಳ್ಳೇಳೋರು ಜನ.'

ಆ ಹೆಂಗಸು ಬುಟ್ಟಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದಳು. ನಾನು ಒಳಗೆ ಬಾಗಿಲ ಮರೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದೆ. ಯಜಮಾನನ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಏನಾಗಿದೆ ಅಂತ ನನಗೆ ತಿಳಿಯಿತು. ತಿಳಿದೂ ಹೆಚ್ಚುತ್ತಲೇ ಇದ್ದೆ. ಆ ಕೈಗಳನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಉಳಿದದ್ದು ಬಿದ್ದದ್ದು ಏನಾದರೂ ಇದ್ದರೆ ಕೊಡಿ ಅಂತ ಅವಳು ಕೇಳಿದಳು. ಯಜಮಾನ ಕರುಣೆ ಬಂದವನ ಹಾಗೆ ಮೂಲೆಯ ತಟ್ಟೆ ತೋರಿಸಿ, ಅದನ್ನು ತಗೊಂಡು ಹೋಗು ಅಂದ. ಅದರಲ್ಲಿದ್ದದ್ದು ಹಿಂದೆ ಬಿದ್ದ ಹುಳು. ಮಿಕ್ಕವು ಪೊರೆ ಬಿಟ್ಟು ಎದ್ದಾಗ ಏಳಲಾರದೆ ಮುದುರಿಕೊಂಡು ಬಿದ್ದವು, ಅರ್ಧಕ್ಕೆ ರೋಗ. ಸುಣ್ಣದ ಗುಂಡಿಗೆ ಸುರಿಯಲೆಂದು ನಾನೇ ಎತ್ತಿಟ್ಟಿದ್ದೆ. ಅದನ್ನು ಹುಳುಮನೆಗೆ ಹೊಗಿಸಿದರೆ ಎರಡು ಸಲ ಸುಣ್ಣ ಬಳಿದದ್ದು ಮಣ್ಣುಪಾಲು, ಮೂರನೆಯ ಬೆಳೆಯೂ ಹೋದಂತೆಯೇ. ಆ ಹೆಂಗಸು ತಟ್ಟೆಗೆ ಕೈ ಹಾಕಿದಳು. ನಾನು ಮಚ್ಚು ಕೆಳಗಿಟ್ಟು ಹೊರಗೆ ಬಂದೆ.

'ಮುಟ್ಬೇಡ ಅದ,' ಅಂದೆ. 'ಇವಳಕ್ಕ ಕಳ್ಸವ್ಳೆ ಯಜಮಾನ್ರೆ. ಬುಟ್ಬುಡು ಅಂದೋಳು ನಾನು.'

ಯಜಮಾನನಿಗೆ ಅರ್ಥವಾಗಲಿಲ್ಲ. ಮಾಗಡಿ ಹುಡುಗಿಗೆ ಫೋನು ಹಚ್ಚಿಸಿದೆ. ಅವಳು ರಾಮನಗರದ ಮನೆಯಲ್ಲಿ ಕೂತೇ ತಿಪ್ಪೆ ಕೆದಕಿದಳು. ಎರಡೂ ಅಲ್ಲೇ ಬಿದ್ದಿದ್ದವು. ಒಂದೇ ನಂಬರು, ಒಂದೇ ಮಾತು, ಒಂದರ ಹಿಂದೆ ಒಂದು ಬಂದವು ಮೂರು. ಮೊದಲು ಬಂದದ್ದನ್ನು ಮಿಷನ್ನು ಹಿಡಿದುಕೊಂಡಿದೆ, ಆಮೇಲೆ ಬಂದ ಎರಡನ್ನು ಎಸೆದಿದೆ. ಹುಡುಗಿ, ನಾನು ಇನ್ನೊಂದು ಸಲ ಕೇಳಬೇಕಿತ್ತು ಅಜ್ಜಿ ಅಂದಳು. ನೀನು ಕೇಳಿದ್ದೆ, ನಾನು ನೆಟ್ಟಗೆ ಹೇಳಲಿಲ್ಲ ಅಂದೆ.

ಕೇಂದ್ರದಲ್ಲಿ ಆಗತಾನೇ ಮೊಟ್ಟೆ ಒಡೆದವು ಬಿಟ್ಟರೆ ಬೇರೆ ಹುಳು ಇರಲಿಲ್ಲ. ಅವು ಎರಡು ಪೊರೆ ಬಿಟ್ಟು ಏಳುವುದಕ್ಕೆ ಎಂಟು ದಿನ. ಯಜಮಾನ ತನ್ನ ತಪ್ಪೇನೂ ಇಲ್ಲವಲ್ಲ ಅಂತ ಸಮಾಧಾನವಾಗಿ ಕಾಫಿ ತರಿಸಿ ಕುಡಿದ. ತಿಪ್ಪೆ ನೋಡದೆ ಬಿಟ್ಟವರು ನೀವಲ್ಲವಾ ಅಂತ ಕೇಳಿದೆ. ಅಷ್ಟರಲ್ಲಿ ಟೆಂಪೋ ಬಂತು. ನಾನು, ಚಿಕ್ಕವಳು ಇಬ್ಬರೂ ಹತ್ತಿದೆವು. ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿದವಳು ಅವಳಲ್ಲ ಅಂತ ಆ ಮನೆಯಲ್ಲಿ ಹೇಳುವುದಕ್ಕೆ ಹೊರಟೆ, ಅಷ್ಟೇ.

ದೊಡ್ಡವಳು ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ನಡುವಿನವಳು ಆಗಲೇ ಕನಕಪುರದ ಕಡೆ ತವರಿನವರಿಗೆ ಹೇಳಿ ಬೇರೆ ಕೇಂದ್ರದ ಹುಳು ತರಿಸಿಕೊಂಡಿದ್ದಳು. ಚಿಕ್ಕವಳನ್ನು ನೋಡಿ ದೊಡ್ಡವಳು ಕೂತಲ್ಲಿಂದಲೇ ಕೇಳಿದಳು: 'ಏನಮ್ಮಿ, ಬುಟ್ಟಿ ಬರೀದು?'

ನೀನು ಕಳಿಸಿಲ್ಲ ಅಂದರು ಅಂತ ಚಿಕ್ಕವಳು ಹೇಳಿದಳು. ಬೇಕೆಂದೇ ಹಾಗೆ ಹೇಳಿದಳೋ ಏನೋ, ಟೆಂಪೋದಲ್ಲಿ ನಾನು ಎಲ್ಲ ತಿಳಿಸಿದ್ದೆ. ದೊಡ್ಡವಳಿಗೆ ಸಿಟ್ಟು ನೆತ್ತಿಗೇರಿತು. ಎಲೆ ಉಗಿದು ಎದ್ದು ನಿಂತಳು.

'ಯಾವನಂದೋನು ಕಳ್ಸಿಲ್ಲ ಅಂತ? ಎಲ್ಲಾರ್ಗಿಂತ ಮೊದ್ಲು ನಿಂದ್ನೇ ಕಳಿಸ್ದೆ ಕಣೆ. ಬಾಗ್ಲಲ್ಲಿ ಕೈಕಟ್ಕಂಡು ನಿಂತಿದ್ದಲ್ಲ, ನಿನ್ ಕಾಟ ತಡಿನಾರ್ದೆ. ಆಮೇಕೆ ನಂದು, ಆಮೇಕೆ ಅವಳ್ದು.'

ನಾನು ಅವಳ ಮುಖವನ್ನೇ ನೋಡಿದೆ. ಮಿಷನ್ನು ಹಿಡಿದುಕೊಂಡದ್ದು ಮೊದಲು ಬಂದದ್ದನ್ನು, ಹುಡುಗಿ ಹಾಗೇ ಹೇಳಿದ್ದಳು. 'ಹಂಗಾದ್ರೆ ನಿನ್ ಮನೇಲಿರೋ ಹುಳ ಇವಳ್ದು,' ಅಂದೆ. 'ತಿಪ್ಪೇಲಿ ಬಿದ್ದಿರೋದು ನಿಂದು.'

ವಿಷಯ ಬಿಡಿಸಿ ಹೇಳಿದೆ. ಅವಳಿಗೆ ಅರ್ಥವಾಗದೆ ಇರಲಿಲ್ಲ. ನನ್ನ ಫೋನಿಗೆ ಉತ್ತರ ಬಂದದ್ದು, ನನ್ನ ಮನೆ ಬಾಗಿಲಿಗೆ ಟೆಂಪೋ ಬಂದದ್ದು, ನಿನ್ನೆಯಿಂದ ನನ್ನ ಸೊಪ್ಪು ತಿಂದದ್ದು, ಇವಳದ್ದು ಹೇಗಾಗುತ್ತದೆ ಅಂದಳು. ಅದೆಲ್ಲ ನಿಜ. ಇದು ಪೂರ್ತಿ ನ್ಯಾಯ ಅಂತ ನಾನೂ ಹೇಳುವುದಿಲ್ಲ. ಆದರೆ ದೊಡ್ಡವಳ ಪಾಲಿನ ತೋಟ ನಾಲ್ಕು ತುಂಡು, ಒಂದಕ್ಕಿಂತ ಒಂದು ಹಿಂದುಮುಂದಾಗಿ ಬರುವ ಸೊಪ್ಪು. ಎಂಟು ದಿನ ಕಾದರೆ ಅವಳಿಗೆ ಏನೂ ಆಗುವುದಿಲ್ಲ. ಚಿಕ್ಕವಳಿಗೆ ಎಂಟು ದಿನ ಅಂದರೆ ಒಲೆ ಆರಿದ ಹಾಗೆ. ಅದು ದೊಡ್ಡವಳಿಗೂ ಗೊತ್ತಿತ್ತು. ಟೆಂಪೋದವನು ನಿನ್ನೆ ಒಂದೇ ಚೀಟಿ ಅಂದಾಗಲೇ ಗೊತ್ತಿತ್ತು. ಗೊತ್ತಿದ್ದೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಸೊಪ್ಪು ಹೆಚ್ಚುತ್ತಾ ಕೂತಿದ್ದ ನಾನು ಅವಳಿಗೆ ಏನು ಹೇಳಲಿ.

ಬೀದಿಯ ಹೆಂಗಸರು ನಾಲ್ಕು ಜನ ಬಂದು ನಿಂತಿದ್ದರು. ಮೊದಲು ಕಳಿಸಿದ್ದು ಇವಳದ್ದು ಅಂತ ಅವಳೇ ಕೂಗಿ ಹೇಳಿದ್ದನ್ನು ಎಲ್ಲರೂ ಕೇಳಿದ್ದರು. ಇಲ್ಲ ಅನ್ನುವ ಹಾಗಿರಲಿಲ್ಲ.

'ಅರ್ಧ ತಗೊ. ಐವತ್ತು,' ಅಂದಳು ದೊಡ್ಡವಳು.

'ನೂರು ಕೇಳಿದ್ದೆ ಕಣಕ್ಕ,' ಅಂದಳು ಚಿಕ್ಕವಳು. ದನಿ ಎತ್ತಲಿಲ್ಲ. ಐವತ್ತು ಸಾಕಿದರೆ, ಐವತ್ತು ಯಾರು ಬೇಕಾದರೂ ಸಾಕುತ್ತಾರೆ, ಇದೊಂದು ಬೆಳೆಯಾ ಅಂತ ನಾಳೆ ಇದೇ ಮನೆಯವರು ಅನ್ನುತ್ತಾರೆ ಅಂತ ಅವಳಿಗೆ ತಿಳಿದಿತ್ತು.

ದೊಡ್ಡವಳು ಹುಳುಮನೆಯ ಬೀಗದ ಕೈ ಬಿಚ್ಚಿ ಜಗುಲಿಯ ಮೇಲೆ ಎಸೆದು ಒಳಗೆ ಹೋದಳು. ನಾವು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಬೀದಿ ದಾಟಿಸಿದೆವು. ನೋಡಲು ಬಂದ ನಾಲ್ಕು ಜನರಲ್ಲಿ ಒಬ್ಬಳೂ ಕೈ ಹಾಕಲಿಲ್ಲ. ಹುಳು ಚೆನ್ನಾಗಿದ್ದವು, ಚುರುಕಾಗಿ ತಲೆಯಾಡಿಸುತ್ತಿದ್ದವು. ಚಿಕ್ಕವಳ ಹುಳುಮನೆಯ ಹೊಸ್ತಿಲಿಗೆ ನಾನು ಕಾಲಿಡುವಾಗ ಅವಳು ತಡೆದಳು. 'ಕಾಲ್ ತೊಳ್ಕೊಂಡು ಬಾ ಅಜ್ಜಿ,' ಅಂದಳು. ಬ್ಲೀಚಿಂಗ್ ಪುಡಿ ಕಲಸಿದ ನೀರು ಬಾಂಡ್ಲಿಯಲ್ಲಿ ಇಟ್ಟಿದ್ದಳು. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಇದನ್ನೇ ಹೇಳಿ ಬೈದವಳು ನಾನು. ಕಾಲು ಅದ್ದಿ ತೊಳೆದುಕೊಂಡೆ. ಈ ಸಲ ಇವಳ ಹುಳು ಸಾಯುವುದಿಲ್ಲ ಅನ್ನಿಸಿತು.

ಸಾಯಲಿಲ್ಲ. ಗೂಡು ಭಾರಿಯೇನಲ್ಲ, ಆದರೂ ಬಂತು. ರಾಮನಗರದ ಮಾರ್ಕೆಟ್ಟಿಗೆ ತಾನೇ ತೆಗೆದುಕೊಂಡು ಹೋದಳು, ಒಲೆ ಅವಳ ಮನೆಯಲ್ಲೇ ಉಳಿಯಿತು. ಅದು ಆಮೇಲಿನ ಮಾತು. ಅವತ್ತು ಹುಳುವಿಗೆ ಸೊಪ್ಪು ಹಾಕಿ ಮುಗಿಸಿದ ಮೇಲೆ ಅವಳು ನೇರ ತೋಟಕ್ಕೆ ಹೋಗಿ ಎರಡು ಮಂಕರಿ ಸೊಪ್ಪು ಕೊಯ್ದು ತಂದಳು. ನಿನ್ನೆಯಿಂದ ದೊಡ್ಡವಳ ಸೊಪ್ಪು ತಿಂದಿದ್ದವಲ್ಲ, ಅದರ ಬದಲಿಗೆ. ಜಗುಲಿಯ ಮೇಲೆ ಇಟ್ಟು ತಿರುಗಿಕೊಂಡಳು. ದೊಡ್ಡವಳು ಹೊರಗೆ ಬಂದು, ಒಂದು ಎಲೆ ಎತ್ತಿ ಬೆರಳಲ್ಲಿ ಮುರಿದು ನೋಡಿದಳು.

'ಬಲ್ತೈತೆ,' ಅಂದಳು.

ಹಾಗಂದು ಎರಡೂ ಮಂಕರಿ ಒಳಗೆ ಎಳೆದುಕೊಂಡಳು.