ತುರ್ಭೆಯಿಂದ ಬಂದ ಮೂರು ಬಾಟಲಿ ಕೆಂಪು ವೈನ್

ಮೂವತ್ತು ವರ್ಷ ಮದ್ಯದ ಬಾಟಲಿಗಳ ನಡುವೆಯೇ ದುಡಿದವನು ನಾನು. ಆದರೆ ಐವತ್ತೇಳು ತುಂಬುವವರೆಗೆ ಒಂದು ತೊಟ್ಟೂ ನಾಲಿಗೆಗೆ ಸೋಕಿಸಿರಲಿಲ್ಲ. ಹೇಳಿದರೆ ಜನ ನಗುತ್ತಾರೆ. ಥಾಣೆಯಲ್ಲಿ ನಮ್ಮ ಕರಾವಳಿಯವರು ನಡೆಸುವ ಪರ್ಮಿಟ್ ರೂಮು ಎಂಬ ಬಾರುಗಳ ಒಳಗನ್ನು ಕಂಡವರು ಮಾತ್ರ ನಗುವುದಿಲ್ಲ. ಬಾರಿನ ಚಾವಿ ಕುಡಿಯದವನ ಕೈಯಲ್ಲೇ ಇರಬೇಕು ಎನ್ನುವುದು ಅಲ್ಲಿನ ಧಣಿಗಳ ನಂಬಿಕೆ. ವರ್ತಕ ನಗರದ ನಮ್ಮ ಹೊಟೇಲಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಜಾಣತನದಿಂದಲೂ ಅಲ್ಲ. ಕುಡಿಯುವುದಿಲ್ಲ ಎಂಬ ಒಂದೇ ಅರ್ಹತೆಯಿಂದ.

ಕೆಲಸಕ್ಕೆ ಸೇರುವ ದಿನ ಅಮ್ಮ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದ್ದಳು. ಅಪ್ಪ ಡೊಂಬಿವಲಿಯ ಒಂದು ಉಡುಪಿ ಹೊಟೇಲಿನಲ್ಲಿ ಅಡುಗೆಯವರು. ನೈವೇದ್ಯಕ್ಕೆ ಮೊದಲು ಏನನ್ನೂ ಬಾಯಿಗೆ ಹಾಕುವಂತಿಲ್ಲ, ಹಾಕಿದರೆ ಎಂಜಲು. ಹಾಗಾಗಿ ಅವರು ಸಾಂಬಾರಿನ ಹಬೆಗೆ ಮೂಗೊಡ್ಡಿಯೇ ಉಪ್ಪು ಸಾಕೋ ಬೇಕೋ ಹೇಳುತ್ತಿದ್ದರು. ಆ ಮೂಗು ನನಗೂ ಬಂದಿದೆ. ವಿಸ್ಕಿಯನ್ನು ಅಂಗೈಗೆ ಎರಡು ಹನಿ ಬಿಟ್ಟು ಉಜ್ಜಿ ಮೂಸಿದರೆ ಅದಕ್ಕೆ ನೀರು ಬೆರೆತಿದೆಯೋ ಇಲ್ಲವೋ ಹೇಳಬಲ್ಲೆ. ಮುಚ್ಚಳದ ಸೀಲನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು, ಬಾಟಲಿಯ ಕತ್ತಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಡುವುದು, ಡ್ಯೂಟಿ ಮುಗಿಸಿ ಹೊರಟ ವೇಟರನ ಚೀಲ ಬಿಚ್ಚಿಸುವುದು, ಇದೇ ನನ್ನ ದಿನಚರಿ. ಸಂಶಯ ಪಡುವುದಕ್ಕೇ ಸಂಬಳ ತೆಗೆದುಕೊಂಡವನು ನಾನು. ಅದು ಹೊಟೇಲಿನ ಬಾಗಿಲಲ್ಲೇ ಉಳಿಯಲಿಲ್ಲ. ಮನೆಗೆ ಬರುವ ಹಾಲಿಗೂ ಮೂಗೊಡ್ಡುತ್ತಿದ್ದೆ. ಹೆಂಡತಿ ರೋಸಿಹೋಗಿ, "ನಾನು ಮಾಡಿದ ಚಾ ಆದ್ರೂ ಸುಮ್ಮನೆ ಕುಡೀರಿ ಮಾರಾಯ್ರೆ" ಎಂದು ಎಷ್ಟು ಸಲ ಹೇಳಿದ್ದಾಳೋ.

ವೈನು ನಮ್ಮಲ್ಲಿಗೆ ಬಂದದ್ದು ತಡವಾಗಿ. ಒಂದು ವರ್ಷ ನಾಸಿಕದಲ್ಲಿ ಮಳೆ ಬೇಗ ಹಿಂದೆ ಸರಿದು, ಚಳಿ ಹದವಾಗಿ ಬಿದ್ದು, ದ್ರಾಕ್ಷಿ ಎಂದೂ ಇಲ್ಲದಷ್ಟು ಚೆನ್ನಾಗಿ ಬಂತಂತೆ. ಆ ಬೆಳೆಯ ಕೆಂಪು ವೈನನ್ನು ಎಲ್ಲರೂ ಹೊಗಳಿದರು. ಇಟ್ಟಷ್ಟೂ ಪಳಗುತ್ತದೆ, ಏಳೆಂಟು ವರ್ಷ ಬಿಟ್ಟು ತೆಗೆದರೆ ಆಗ ಅದರ ಗುಣ ಗೊತ್ತಾಗುತ್ತದೆ ಎಂದು ಕಂಪನಿಯವರು ಹೇಳಿದ್ದನ್ನು ನಂಬಿ ನಮ್ಮ ಧಣಿಗಳು ಕೆಲವು ಪೆಟ್ಟಿಗೆ ಕೊಂಡುಬಿಟ್ಟರು. ಇಟ್ಟರೆ ಒಳ್ಳೆಯದಾಗುವ ವಸ್ತು ಯಾವುದೂ ನಮ್ಮ ವ್ಯಾಪಾರದಲ್ಲಿ ಇರಲಿಲ್ಲ. ಹಿಟ್ಟು ಹುಳಿಯುತ್ತದೆ, ಬಿಯರು ಸಪ್ಪೆಯಾಗುತ್ತದೆ. ಇದೊಂದು ಮಾತ್ರ ಕೂತಲ್ಲೇ ಹೇಗೆ ಒಳ್ಳೆಯದಾಗುತ್ತದೆ ಎಂದು ನನಗೆ ಮೊದಲ ದಿನದಿಂದಲೇ ಗುಮಾನಿ.

ಪೆಟ್ಟಿಗೆಗಳು ತುರ್ಭೆಯಲ್ಲಿರುವ ಧಣಿಗಳ ಗೋದಾಮಿಗೆ ಹೋದವು. ಅಲ್ಲಿ ಒಂದು ತಣ್ಣನೆಯ ಕೋಣೆ, ಅದನ್ನು ನೋಡಿಕೊಳ್ಳುವವನು ಗದಗ ಕಡೆಯವನೊಬ್ಬ. ನಲವತ್ತರ ಆಸುಪಾಸಿನವನು, ದಿನವೂ ಬದಲಾಪುರದಿಂದ ಬಂದು ಹೋಗುತ್ತಿದ್ದ. ವೈನಿನ ಕೋಣೆಯ ಚಾವಿ ಅವನೊಬ್ಬನ ಬಳಿ ಮಾತ್ರ ಇತ್ತು. ಅವನ ಬಗ್ಗೆ ಯಾರೂ ದೂರು ಹೇಳಿರಲಿಲ್ಲ. ನನಗೆ ಅದೇ ಸರಿ ಕಾಣುತ್ತಿರಲಿಲ್ಲ. ನಾನು ತಪಾಸಣೆಗೆ ಹೋದಾಗ ಬಾಟಲಿ ಮುಟ್ಟಲು ಬಿಡುತ್ತಿರಲಿಲ್ಲ. "ಅಲುಗಾಡಿಸಬ್ಯಾಡ್ರಿ ಸಾಹೇಬ್ರ, ಮಲಗ್ಯಾವ" ಎನ್ನುತ್ತಿದ್ದ. ಬೆಳಕು ಬೀಳಬಾರದೆಂದು ಗೋಣಿತಾಟು ಹೊದಿಸಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೋಣೆಯ ತಾಪಮಾನ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಸಂಬಳಕ್ಕೆ ದುಡಿಯುವವನಿಗೆ ಇಷ್ಟೊಂದು ಕಾಳಜಿ ಏಕೆ? ಮುಚ್ಚಿಡುವುದಕ್ಕೆ ಏನೋ ಇದೆ ಎಂದು ನನ್ನ ಮನಸ್ಸು ಅಂದೇ ಹೇಳಿತ್ತು.

ಕಳೆದ ವರ್ಷ ಧಣಿಗಳಿಗೆ ಆ ವೈನಿನ ನೆನಪಾಯಿತು. ಪರೀಕ್ಷೆ ಮಾಡಿ ನೋಡೋಣ, ಚೆನ್ನಾಗಿದ್ದರೆ ಮೆನುವಿನಲ್ಲಿ ಮೇಲೆ ಹಾಕೋಣ ಎಂದರು. ಮೂರು ಬಾಟಲಿ ತರಲು ತುರ್ಭೆಗೆ ಹೇಳಿಕಳಿಸಿದೆವು. ಗೋದಾಮಿನವನು ಟ್ಯಾಕ್ಸಿಯಲ್ಲಿ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಅಷ್ಟೇ ಅಲ್ಲ, ಎರಡು ದಿನ ನಿಲ್ಲಿಸಿಡಿ, ಚರಟ ಕೆಳಗೆ ಕೂರಬೇಕು ಎಂದ. ನಿನಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಪೆಟ್ಟಿಗೆ ಇಳಿಸಲು ಬಂದಿದ್ದ ಕಂಪನಿಯವರು ಎಂದ. ಏಳೆಂಟು ವರ್ಷದ ಹಿಂದೆ ಒಮ್ಮೆ ಕೇಳಿದ್ದು ಯಾರಿಗೆ ನೆನಪಿರುತ್ತದೆ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ, ಊಟದ ಗಿರಾಕಿಗಳು ಹೋದ ಮೇಲೆ, ಬಿಳಿ ಬಟ್ಟೆ ಹಾಸಿದ ಮೇಜಿನ ಸುತ್ತ ಧಣಿಗಳು, ಮತ್ತೆ ಬಂದ ಗೋದಾಮಿನವನು, ನಾನು, ಮೂವರು ಸೇರಿದೆವು. ನಾನು ಮೊದಲ ಬಾಟಲಿಯ ಬಿರಡೆಗೆ ತಿರುಪು ಚುಚ್ಚುವಾಗ ಅವನು ಹತ್ತಿರ ಬಂದ.

"ಸಾಹೇಬ್ರ, ತಗದ ಕೂಡ್ಲೆ ನೋಡಬ್ಯಾಡ್ರಿ. ಎರಡ ತಾಸ ಗಾಳಿಗೆ ಬಿಡ್ರಿ. ಆಮ್ಯಾಲ ಹೇಳ್ರಿ."

ಇಷ್ಟು ಸಾಕಾಯಿತು ನನಗೆ. ಬಾಟಲಿ ತೆರೆದಿಟ್ಟು ಎರಡು ತಾಸು ಬಿಡುವುದು ಎಂದರೆ ನಮ್ಮ ಲೈನಿನಲ್ಲಿ ಕಳ್ಳನಿಗೆ ದಾರಿ ಬಿಟ್ಟ ಹಾಗೆ. ಆ ಎರಡು ತಾಸಿನಲ್ಲಿ ಇವನು ಏನು ಮಾಡಬೇಕೆಂದಿದ್ದಾನೆ? ಕೇಳಿಸದವನಂತೆ ಬಿರಡೆ ಎಳೆದು ಮೂರು ಗ್ಲಾಸಿಗೆ ಸುರಿದೆ.

ಬಿಳಿ ಬಟ್ಟೆಯ ಮೇಲೆ ಗ್ಲಾಸನ್ನು ಓರೆ ಮಾಡಿ ನೋಡಿದೆ. ಅಂಚಿನಲ್ಲಿ ಹೊಸ ವೈನಿನ ನೇರಳೆ ಬಣ್ಣವಿರಲಿಲ್ಲ, ಇಟ್ಟಿಗೆಯ ಬಣ್ಣ. ಬಿರಡೆ ಒಂದು ಬದಿಯಲ್ಲಿ ಅರ್ಧದವರೆಗೂ ನೆನೆದಿತ್ತು. ಕತ್ತಿನ ತಗಡಿನ ಹೊದಿಕೆಯಲ್ಲಿ ಒಂದು ಸುಕ್ಕು. ಗ್ಲಾಸಿನೊಳಗೆ ಮೂಗಿಟ್ಟೆ. ಹಣ್ಣಿನ ಸುಳಿವೇ ಇಲ್ಲ. ಗೀರಿದ ಬೆಂಕಿಕಡ್ಡಿಯ ಘಾಟು, ಅದರ ಹಿಂದೆ ರಬ್ಬರಿನಂಥ ಒಂದು ವಾಸನೆ. ಇನ್ನೆರಡು ಬಾಟಲಿ ತೆರೆದೆ, ಅವೂ ಹಾಗೆಯೇ. ಧಣಿಗಳು ವಿಸ್ಕಿ ಸೋಡಾದವರು; ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಎಂತ ಇದು, ಕಷಾಯವಾ? ನೀವು ಹೇಳಿ ಮಾರಾಯ್ರೆ, ನಿಮ್ಮ ಮೂಗು ಎಂತ ಹೇಳ್ತದೆ?"

ನನ್ನ ಮೂಗು ಹೇಳಿದ್ದಕ್ಕಿಂತ ಹೆಚ್ಚು ನಾನು ಹೇಳಿದೆ. ಇದು ಆ ವರ್ಷದ ವೈನೇ ಅಲ್ಲ, ಒಳಗಿದ್ದದ್ದನ್ನು ತೆಗೆದು ಯಾವುದೋ ಹಳಸಲು ತುಂಬಿಸಿ ಬಿರಡೆ ಮತ್ತೆ ಒತ್ತಿದ್ದಾರೆ ಎಂದೆ. ನೆನೆದ ಬಿರಡೆ ತೋರಿಸಿದೆ, ತಗಡಿನ ಸುಕ್ಕು ತೋರಿಸಿದೆ, ಚಾವಿ ಒಬ್ಬನ ಬಳಿ ಮಾತ್ರ ಇರುವುದನ್ನು ನೆನಪಿಸಿದೆ. ನಾನು ಮಾತಾಡುವಾಗ ಧಣಿಗಳು ನನ್ನನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು. ಅವನ ಮುಖ ಸುಣ್ಣದಂತಾಯಿತು. ನನಗೆ ಒಳಗೊಳಗೇ ಸಂತೋಷವಾಯಿತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹೌದು.

"ನೀವು ಬಾಯಾಗ ಹಾಕಿ ನೋಡೇ ಇಲ್ಲಲ್ರಿ" ಎಂದ ಅವನು.

"ನಾನು ಕುಡಿಯುವವನಲ್ಲ, ಎಲ್ಲರಿಗೂ ಗೊತ್ತುಂಟು" ಎಂದೆ.

"ಕುಡೀಲಾರದ ಮನಷ್ಯಾ ವೈನ್ ಹೆಂಗೈತಿ ಅಂತ ಹೆಂಗ ಹೇಳ್ತೀರಿ? ಮೂಗಿಗೆ ಒಗರ ಗೊತ್ತಾಕ್ಕೈತೇನ್ರಿ?"

ಧಣಿಗಳಿಗೆ ಆ ಮಾತು ಅಧಿಕಪ್ರಸಂಗವಾಗಿ ಕಂಡಿತು. ಚಾವಿ ಅಲ್ಲಿ ಇಟ್ಟು ಹೋಗು, ನಾಳೆಯಿಂದ ಬರಬೇಡ ಎಂದರು. ಅವನು ಬನಿಯನ್ನಿನ ಒಳಗಿಂದ ದಾರ ಎಳೆದು ಚಾವಿ ಬಿಚ್ಚಿ ಮೇಜಿನ ಮೇಲಿಟ್ಟ. ಹನ್ನೊಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಹೋಯಿತು. ಹೊರಗೆ ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಕಂಪನಿಯವರಿಗೆ ದೂರು ಬರೆಯುವಾಗ ಸಾಕ್ಷಿಗೆ ಬೇಕಾಗುತ್ತದೆಂದು ಬಾಟಲಿಗಳನ್ನೂ ನನ್ನ ಗ್ಲಾಸನ್ನೂ ಕೌಂಟರಿನ ಕೆಳಗೆ, ನನ್ನ ಕಾಲ ಬಳಿಯೇ ಇಟ್ಟುಕೊಂಡು ಕುಳಿತೆ. ಐದು ಗಂಟೆ ಹೊತ್ತಿಗೆ, ಸಂಜೆಯ ಗಿರಾಕಿಗಳಿಗಾಗಿ ಲೈಟು ಹಾಕಲು ಏಳುವಾಗ, ಎಲ್ಲಿಂದಲೋ ಕಳಿತ ನೇರಳೆ ಹಣ್ಣಿನ ವಾಸನೆ ಬಂತು. ಸುತ್ತ ನೋಡಿದೆ. ಬಗ್ಗಿ ಗ್ಲಾಸು ಎತ್ತಿಕೊಂಡೆ. ಬೆಂಕಿಕಡ್ಡಿ ಇಲ್ಲ, ರಬ್ಬರು ಇಲ್ಲ. ನೇರಳೆ, ಅದರ ಜೊತೆ ಆಗಷ್ಟೇ ಕುಟ್ಟಿದ ಕಾಳುಮೆಣಸು, ಒಣ ಹೊಗೆಸೊಪ್ಪು.

ನನ್ನ ಬುದ್ಧಿ ಎಂಥದ್ದೆಂದರೆ, ಮೊದಲು ಬಂದ ಯೋಚನೆ ಯಾರೋ ಗ್ಲಾಸು ಬದಲಿಸಿದ್ದಾರೆ ಎಂದೇ. ಕೌಂಟರಿನ ಹತ್ತಿರ ಬಂದವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಯಾರೂ ಬಂದಿರಲಿಲ್ಲ. ಅಲ್ಲಿಂದ ನಾನು ಎದ್ದೂ ಇರಲಿಲ್ಲ. ಮೂರು ಬಾಟಲಿಗಳ ಬಾಯಿಗೂ ಮೂಗಿಟ್ಟೆ. ಅಲ್ಲಿಯೂ ಆ ಘಾಟು ಹೆಚ್ಚುಕಡಿಮೆ ಇಳಿದಿತ್ತು.

ಆದರೂ ನನ್ನ ಮೂಗನ್ನೇ ಮತ್ತೆ ನಂಬುವ ಧೈರ್ಯವಾಗಲಿಲ್ಲ. ಮೂರು ಗಂಟೆಗೆ ಒಂದು ಹೇಳಿ ಐದಕ್ಕೆ ಇನ್ನೊಂದು ಹೇಳುವ ಮೂಗದು. ಅಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ಆದರೂ ಅವಳ ಕ್ಷಮೆ ಕೇಳಿ ಗ್ಲಾಸನ್ನು ತುಟಿಗಿಟ್ಟೆ. ಒಗರು ಒಸಡನ್ನು ಹಿಡಿಯಿತು, ನೆಲ್ಲಿಕಾಯಿ ಕಚ್ಚಿದಂತೆ. ಆಮೇಲೆ ಮೆಲ್ಲಗೆ ಸಡಿಲವಾಗಿ, ಒಂದು ಬಗೆಯ ಸಿಹಿಯಲ್ಲದ ಸಿಹಿ ಬಂತು. ಇದು ಒಳ್ಳೆಯದೋ ಕೆಟ್ಟದ್ದೋ? ಹೋಲಿಸಲು ನನ್ನ ನಾಲಿಗೆಯಲ್ಲಿ ಬೇರೆ ನೆನಪೇ ಇರಲಿಲ್ಲ. ಗ್ಲಾಸಿನ ಲೆಕ್ಕದಲ್ಲಿ ಮಾರುವ ಅಗ್ಗದ ಕೆಂಪು ವೈನನ್ನೂ ಸ್ವಲ್ಪ ಸುರಿದುಕೊಂಡೆ. ಅದು ನುಂಗುತ್ತಿದ್ದಂತೆ ಮಾಯವಾಯಿತು. ಮತ್ತೆ ಇದನ್ನು ಕುಡಿದೆ. ಇದು ಹೋಗಲೇ ಇಲ್ಲ, ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೂ ಬಾಯಲ್ಲೇ ಕುಳಿತಿತ್ತು. ಇಂಥದ್ದನ್ನು ಗೋದಾಮಿನ ಮೂಲೆಯಲ್ಲಿ ಯಾರೂ ತುಂಬಿಸಿಡಲು ಸಾಧ್ಯವಿಲ್ಲ ಎಂದು ಗೊತ್ತಾಯಿತು. ಅವನು ಏಳೆಂಟು ವರ್ಷ ಮಗುವನ್ನು ಕಾದಂತೆ ಕಾದಿದ್ದ. ನಾನು ಎರಡು ತಾಸು ಕಾಯಲಿಲ್ಲ.

ಧಣಿಗಳು ಬಂದ ಕೂಡಲೇ ಹೇಳಿದೆ. "ತಪ್ಪು ನನ್ನದು. ವೈನು ಸರಿ ಉಂಟು. ಅವನನ್ನು ಕರೆಸಿ."

"ಈಗ ಹೇಗೆ ಗೊತ್ತಾಯ್ತು ನಿಮಗೆ?"

ವಾಸನೆಯಿಂದ ಎನ್ನಬಹುದಿತ್ತು, ಅರ್ಧ ಸತ್ಯವೂ ಆಗುತ್ತಿತ್ತು. "ಕುಡಿದು ನೋಡಿದೆ" ಎಂದೆ.

ಅವರು ಹತ್ತಿರ ಬಂದು ನನ್ನ ಬಾಯಿಯ ಬಳಿ ಗಾಳಿ ಎಳೆದುಕೊಂಡರು. "ಎಷ್ಟು ವರ್ಷದಿಂದ ಉಂಟು ಇದು?" ಎಂದು ಮೆಲ್ಲಗೆ ಕೇಳಿದರು. ಇಂದೇ ಮೊದಲು ಎಂದೆ. ತಲೆಯಾಡಿಸಿದರು. ಕುಡಿಯದೆ ಹೇಳಿದ ಸುಳ್ಳನ್ನು ಹತ್ತು ನಿಮಿಷದಲ್ಲಿ ನಂಬಿದವರು, ಕುಡಿದು ಹೇಳಿದ ನಿಜವನ್ನು ನಂಬಲಿಲ್ಲ. ನೀವಿಬ್ಬರೂ ಸೇರಿಯೇ ಏನೋ ಮಾಡಿದ್ದೀರಿ ಎಂಬಂತೆ ನೋಡಿದರು. ಆ ನೋಟ ಯಾರದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಅದೇ ನೋಟದಿಂದ ಹುಡುಗರನ್ನು ನೋಡಿದವನು ನಾನು. ಬಾರಿನ ಚಾವಿ ಅಂದು ಸಂಜೆಯೇ ಅವರ ಜೇಬಿಗೆ ಹೋಯಿತು, ಇಂದಿಗೂ ಅಲ್ಲೇ ಇದೆ.

ಆದರೆ ಅವರು ನ್ಯಾಯ ಬಿಡುವವರಲ್ಲ. ಮುಂದಿನ ವಾರ ನಾಸಿಕದಿಂದ ಕಂಪನಿಯ ಒಬ್ಬರನ್ನು ಕರೆಸಿದರು. ತುರ್ಭೆಯಿಂದ ಇನ್ನೊಂದು ಬಾಟಲಿ ಬಂತು. ಬಂದವರು ಅದನ್ನು ತೆರೆದು ಗಾಜಿನ ಹೂಜಿಗೆ ಸುರಿದು ಸುಮ್ಮನೆ ಕುಳಿತರು, ಎರಡು ತಾಸು. ಆಮೇಲೆ ಕುಡಿದು, ಇದು ನಮ್ಮದೇ, ಇನ್ನೂ ಐದಾರು ವರ್ಷ ಆರಾಮಾಗಿ ನಿಲ್ಲುತ್ತದೆ, ಇಟ್ಟವರು ಯಾರೋ ಚೆನ್ನಾಗಿ ಇಟ್ಟಿದ್ದಾರೆ ಎಂದರು. ಇಟ್ಟಿಗೆಯ ಬಣ್ಣ, ನೆನೆದ ಬಿರಡೆ, ತಗಡಿನ ಸುಕ್ಕು, ಗಾಳಿಗೆ ಬಿಟ್ಟರೆ ಹೋಗುವ ಆ ಮೊದಲ ಘಾಟು, ಎಲ್ಲ ಹಳೆಯ ವೈನಿಗೆ ಮಾಮೂಲಿಯಂತೆ. ಮರುದಿನವೇ ಗೋದಾಮಿನವನಿಗೆ ಕರೆ ಹೋಯಿತು, ಅವನು ಕೆಲಸಕ್ಕೆ ಬಂದ.

ಫೋನಿನಲ್ಲಿ ಕ್ಷಮೆ ಕೇಳುವುದು ಸರಿಯಲ್ಲವೆಂದು ರಜೆಯ ದಿನ ಥಾಣೆಯಿಂದ ರೈಲು ಹಿಡಿದು ತುರ್ಭೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವನು ಸ್ವೆಟರು ಹಾಕಿಕೊಂಡು ತಣ್ಣನೆಯ ಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದ, ಚಹಾ ತರಿಸಿದ. ನನ್ನಿಂದ ದೊಡ್ಡ ತಪ್ಪಾಯಿತು, ನಿನ್ನ ಮರ್ಯಾದೆ ತೆಗೆದೆ, ವೈನು ಗಾಳಿಗೆ ಬಿಡಬೇಕೆಂದು ತಿಳಿಯದೆ ಮೂಗು ಮೋಸ ಮಾಡಿತು ಎಂದೆ.

"ಇರಲಿ ಬಿಡ್ರಿ ಸಾಹೇಬ್ರ" ಎಂದ. ಚಹಾ ಮುಗಿಯಿತು. ಆಮೇಲೆ ಕೇಳಿದ: "ಒಂದ ಮಾತ ಖರೇ ಹೇಳ್ರಿ. ವಾಸನಿ ನೋಡಿದ ಮ್ಯಾಲ ನಾ ಕಳ್ಳ ಅನಿಸ್ತೋ? ಇಲ್ಲಾ ಬಾಟ್ಲಿ ತಗಿಯೂಕ್ಕಿಂತ ಮೊದ್ಲ ಅನಿಸಿತ್ತೋ?"

ಅವನು ಕಾಯುತ್ತಾ ನಿಂತಿದ್ದ, ಅವಸರವಿಲ್ಲದೆ.

"ಮೊದಲೇ ಅನಿಸಿತ್ತು" ಎಂದೆ.

"ಹಂಗಾರ ಮೂಗಿಂದ ತಪ್ಪಿಲ್ಲ ಬಿಡ್ರಿ" ಎಂದು ಅವನು ನನ್ನ ಕೈಯಿಂದ ಖಾಲಿ ಗ್ಲಾಸು ತೆಗೆದುಕೊಂಡ.