ಹಲಸಿನ ಸಸಿಗೆ ಸುಣ್ಣ

"ಸಸಿಗೆಲ್ಲ ಸುಣ್ಣ ಹೊಡ್ದಿವ್ನಿ ಮೇಡಂ, ಇನ್ನೇನೂ ಭಯ ಇಲ್ಲ" ಎಂದು ನನ್ನ ಸಸಿಗಳನ್ನು ನೋಡಿಕೊಳ್ಳುತ್ತಿದ್ದಾಕೆ ಫೋನಿನಲ್ಲಿ ಹೇಳಿದಾಗ ನಾನು ರಾಮನಗರದ ನನ್ನ ಪುಟ್ಟ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಿದ್ದೆ.

"ಮೇಲಿನ ಪ್ಲಾಸ್ಟಿಕ್?" ಎಂದೆ.

"ಆಗ್ಲೇ ತೆಗ್ದಾಕ್ದೆ. ಒಳಗೆಲ್ಲ ಬೆವ್ತೋಗಿತ್ತು" ಎಂದಳು, ಹೆಮ್ಮೆಯಿಂದ. ನಾನು ಕೈ ಒರೆಸಿಕೊಳ್ಳದೆ ಸ್ಕೂಟರ್ ಹತ್ತಿ ಕನಕಪುರದ ದಾರಿ ಹಿಡಿದೆ.

ಅವು ಹದಿನಾಲ್ಕು ಹಲಸಿನ ಸಸಿಗಳು. ಅವುಗಳ ತಾಯಿಮರ ಆಕೆಯ ಅತ್ತೆಯ ಹೊಲದ ಬದುವಿನಲ್ಲಿತ್ತು. ಕೆಂಪು ತೊಳೆ, ಒಂದು ಬಾಯಿಗಿಟ್ಟವರು ಇನ್ನೊಂದಕ್ಕೆ ಕೈಚಾಚದೆ ಇರುತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ಬೀಜ ಹಾಕಿದರೆ ಅದೇ ಹಣ್ಣು ಬರುವ ಖಾತರಿಯಿಲ್ಲ, ಕಸಿ ಕಟ್ಟಿದ್ದವು ಹಿಡಿಯಲಿಲ್ಲ. ಕಡಿಯುವ ಮುಂಚೆ ನಾನು ಚಿಗುರು ತಂದು, ಟಿಶ್ಯೂ ಕಲ್ಚರ್ ಮಾಡುವವರ ಹಾಗೆ ಬಾಟಲಿಯಲ್ಲಿ ಆಹಾರದ ಪಾಕ ಹಾಕಿ ಬೆಳೆಸಲು ಕೂತೆ. ಹಲಸಿನ ಚಿಗುರು ಮಹಾ ಹಟಮಾರಿ. ಅಂಟು ಸುರಿಸಿ, ತನ್ನ ಅನ್ನವನ್ನು ತಾನೇ ಕಪ್ಪು ಮಾಡಿಕೊಂಡು ಸಾಯುತ್ತದೆ. ಎರಡು ವರ್ಷ ಒದ್ದಾಡಿ ಬೇರು ಬಿಡಿಸಿ ಉಳಿಸಿಕೊಂಡದ್ದು ಈ ಹದಿನಾಲ್ಕನ್ನು. ಇವು ಹೋದರೆ ಆ ಮರ ಪೂರ್ತಿ ಹೋದಂತೆ.

ಬಾಟಲಿಯಲ್ಲಿ ಬೆಳೆದ ಸಸಿಗೆ ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಹೊರಗೆ ತೆಗೆದ ಮೇಲೆ ಕೆಲವು ವಾರ ಪ್ಲಾಸ್ಟಿಕ್ಕಿನಡಿ, ಹನಿಗಟ್ಟಿದ ತೇವದಲ್ಲೇ ಇಟ್ಟು, ದಿನಕ್ಕಿಷ್ಟೆಂದು ಗಾಳಿ ರೂಢಿ ಮಾಡಿಸಬೇಕು. ಲ್ಯಾಬಿನಲ್ಲಿ ಅದಕ್ಕೆ ನೆರಳಿನ ಜಾಗವಿರಲಿಲ್ಲ. ಈ ಸೊಸೆಯ ಹುಳುಮನೆಯ ಹಿಂದೆ ಇತ್ತು. ಆಕೆ ರೇಷ್ಮೆ ಹುಳು ಸಾಕುವವಳು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದದಿದ್ದರೆ ಗಂಡನನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂಥ ಶುಚಿಯ ಕೈ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಹೋಗಿ ನೋಡಿದರೆ ಹದಿನಾಲ್ಕೂ ಕತ್ತು ಬಾಗಿಸಿ ನಿಂತಿದ್ದವು. ಎಲೆಯ ಮೇಲೆಲ್ಲ ಬಿಳಿ ಪುಡಿ. ಪ್ಲಾಸ್ಟಿಕ್ಕನ್ನು ನೀಟಾಗಿ ಮಡಿಸಿ ಪಕ್ಕದಲ್ಲಿಟ್ಟಿದ್ದಳು. ಆ ಮಡಿಕೆ ನೋಡಿಯೇ ನನ್ನ ಪಿತ್ತ ನೆತ್ತಿಗೇರಿತು.

"ತಲೆ ಇದೆಯೇನ್ರಿ ನಿಮಗೆ? ಎರಡು ವರ್ಷದ ಕೆಲಸ ಒಂದೇ ಬೆಳಗಿನಲ್ಲಿ ಹಾಳು ಮಾಡಿದ್ರಲ್ಲ!"

ಅತ್ತೆ ಹಿತ್ತಲಿನಿಂದ ಬಂದರು. ಸಸಿಗಳನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. "ನನ್ ಮರಾನ ರಸ್ತೆಯೋರು ಒಂದ್ಸಲ ಕಡಿದ್ರು. ಇವ್ಳು ಇನ್ನೊಂದ್ಸಲ ಕಡಿದ್ಬುಟ್ಲು."

ಸೊಸೆ ನನ್ನ ಮುಖವನ್ನಷ್ಟೇ ನೋಡಿದಳು. ಆಗ ನನಗೆ ನೆನಪಾಯಿತು. ಸಸಿ ಒಪ್ಪಿಸುವಾಗ, ಅತ್ತೆ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ, ನಾನು ದೊಡ್ಡ ಜಾಣೆಯ ಹಾಗೆ ಹೇಳಿದ್ದೆ: "ನಿಮಗೇನು ಕಲಿಸೋದಿದೆ? ನಿಮ್ಮ ಹುಳ ನೋಡಿಕೊಂಡ ಹಾಗೇ ನೋಡಿಕೊಳ್ಳಿ, ಸಾಕು." ಹುಳದ ತಟ್ಟೆಯಲ್ಲಿ ತೇವ ಹೆಚ್ಚಿದರೆ ರೋಗ ಬರುತ್ತದೆಂದು ಸುಣ್ಣದ ಪುಡಿ ಉದುರಿಸಿ ಗಾಳಿಗೆ ಬಿಡುತ್ತಾರೆ. ಆಕೆ ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದ್ದಳು.

ಅದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು, ನಾಚಿಕೆಯಾದಷ್ಟೂ ಸಿಟ್ಟು ಬಂತು. "ನೀರು ತನ್ನಿ" ಎಂದು ಗದರಿಸಿ ಕೂತೆ.

ಇಬ್ಬರೂ ಒಂದೊಂದೇ ಎಲೆ ತೊಳೆದು ಪ್ಲಾಸ್ಟಿಕ್ ಮತ್ತೆ ಹೊದಿಸಿದೆವು. ಆಮೇಲೆ ಬರೀ ಕಾಯುವುದು. ಆಕೆ ದಿನಾ ಬೆಳಗ್ಗೆ ಮೊಬೈಲಿನಲ್ಲಿ ಫೋಟೋ ಕಳಿಸುತ್ತಿದ್ದಳು, ಒಂದು ಮಾತೂ ಬರೆಯದೆ. ನಾನು ಅದನ್ನು ತೆರೆಯಲು ಹೆದರುತ್ತಿದ್ದೆ. ಮೊದಲ ದಿನ ನಾಲ್ಕು ಕಂದಿದವು, ಮರುದಿನ ಐದು, ವಾರ ಮುಗಿಯುವುದರೊಳಗೆ ಇನ್ನೆರಡು. ಮೂರು ಉಳಿದವು. ಅವೂ ಬದುಕಿವೆಯೋ ಸತ್ತಿವೆಯೋ ಹೇಳಲಾಗದಂತೆ ತಿಂಗಳು ನಿಂತು, ಆಮೇಲೆ ಒಂದರ ತುದಿಯಲ್ಲಿ ಹಸಿರು ಮೊಗ್ಗು ಕಂಡಿತು.

ನಾಲ್ಕು ತಿಂಗಳ ನಂತರ ಮಳೆ ಹಿಡಿಯಿತು. ಹೊಲದಲ್ಲಿ ಮೂರಕ್ಕೂ ಗುಂಡಿ ತೆಗೆಸಿದ್ದರು. ಸೊಸೆ ಮೊದಲ ಸಸಿಯ ಚೀಲ ಹಿಡಿದು ಬಂದಾಗ ಅತ್ತೆ ತಡೆದರು. "ನೀವೇ ನೆಡಿ ಕಣವ್ವ. ಇವ್ಳ ಕೈ ಬ್ಯಾಡ."

ನನಗೆ ತಡೆದುಕೊಳ್ಳಲಾಗಲಿಲ್ಲ. "ತಪ್ಪು ಅವರದಲ್ಲಮ್ಮ. ಹುಳದ ಹಾಗೆ ನೋಡಿಕೊಳ್ಳಿ ಅಂತ ಹೇಳಿದ್ದು ನಾನು. ಸುಣ್ಣ ಹಾಕಿಸಿದ್ದು ನಾನೇ."

ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆ ನನ್ನ ಕಡೆ ತಿರುಗಿದಳು.

"ನಾಕು ತಿಂಗ್ಳಿಂದ ಈ ಮನೇಲಿ ಮರ ಕೊಂದೋಳು ಅನ್ನಿಸ್ಕೊಂಡಿವ್ನಿ. ಇವತ್ ಬಂತಾ ಮೇಡಂ ಬಾಯಿ?"

"ನಿಮ್ಮ ಕೈಯಿಂದಲೇ ನೆಡಿ" ಎಂದು ಸರಿದು ನಿಂತೆ. ಆಕೆ ಚೀಲವನ್ನು ನನ್ನ ಕೈಯಲ್ಲಿಟ್ಟಳು.

"ನೀವೇ ನೆಡಿ. ಇದೂ ಒಣಗಿದ್ರೆ ಈ ಸಲ ನಿಮ್ ಮ್ಯಾಲೇ ಇರ್ಲಿ."